ಓಟದ ನಾಡಿ, ಸೈಕಲ್ಲಿನ ನಾಡಿ

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಬೆಳಗಿನ ಹೊತ್ತು ಓಡುವವರನ್ನಾಗಲಿ, ಭಾನುವಾರದ ನಸುಕಿನಲ್ಲಿ ನಂದಿಬೆಟ್ಟದ ದಾರಿ ಹಿಡಿದ ಸೈಕಲ್ ಸವಾರರನ್ನಾಗಲಿ ಸ್ವಲ್ಪ ಗಮನವಿಟ್ಟು ನೋಡಿದರೆ, ಅವರಲ್ಲಿ ಬಹುಮಂದಿ ಮತ್ತೆ ಮತ್ತೆ ಮಣಿಕಟ್ಟನ್ನು ತಿರುಗಿಸಿ ಗಡಿಯಾರವನ್ನು ದಿಟ್ಟಿಸುವುದು ಕಾಣುತ್ತದೆ. ಹೃದಯವು ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತಿದೆಯೆಂಬ ಅಂಕಿ ಆ ಗಡಿಯಾರದ ಮುಖದ ಮೇಲೆ ಕ್ಷಣಕ್ಷಣಕ್ಕೂ ಮೂಡುತ್ತಿರುತ್ತದೆ. ಒಂದು ಕಾಲಕ್ಕೆ ವೈದ್ಯನ ಬೆರಳಿಗೆ ಮಾತ್ರ ಗೋಚರವಾಗುತ್ತಿದ್ದ ನಾಡಿಯ ಗತಿ ಇಂದು ಸರ್ವಜನಸುಲಭವಾಗಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಅಂಕಿ ಸುಲಭವಾದಷ್ಟು ಅದರ ಅರ್ಥ ಸುಲಭವಾಗಿಲ್ಲ. ವಿಶೇಷತಃ ಓಟವನ್ನೂ ಸೈಕಲ್ಲನ್ನೂ ಎರಡನ್ನೂ ಅಭ್ಯಾಸದಲ್ಲಿಟ್ಟುಕೊಂಡವರಲ್ಲಿ ಅದು ಹುಟ್ಟಿಸುತ್ತಿರುವ ಗೊಂದಲ ಅಷ್ಟಿಷ್ಟಲ್ಲ.

ಓಡುವಾಗ ಸಲೀಸಾಗಿ 155, 160ಕ್ಕೆ ಏರುವ ಬಡಿತವು, ಮನಸ್ಸಿಗೆ ಅಷ್ಟೇ ಶ್ರಮವೆನಿಸುವಂತೆ ಸೈಕಲ್ ತುಳಿದಾಗ 140ರ ಆಸುಪಾಸಿನಲ್ಲಿಯೇ ನಿಂತುಬಿಡುತ್ತದೆ. ತೊಡೆ ಉರಿಯುತ್ತಿದೆ, ಏದುಸಿರು ಬರುತ್ತಿದೆ, ಅಂಕಿ ಮಾತ್ರ ಜಪ್ಪಯ್ಯ ಎಂದರೂ ಮೇಲಕ್ಕೇರದು. ಇದನ್ನು ಕಂಡ ಕೆಲವರು ಸೈಕಲ್ಲು ಹೃದಯಕ್ಕೆ ಹಿಡಿಸದ ಹಗುರ ವ್ಯಾಯಾಮವೆಂದು ನಿರ್ಣಯಿಸಿ ಅದನ್ನು ಮೂಲೆಗೊರಗಿಸುತ್ತಾರೆ; ಮತ್ತೆ ಕೆಲವರು, ಓಟದಲ್ಲಿ ಕಂಡ ಅಂಕಿಯನ್ನು ಸೈಕಲ್ಲಿನ ಮೇಲೂ ಮುಟ್ಟಿಯೇ ತೀರಬೇಕೆಂದು ಹಟಹಿಡಿದು, ಶಕ್ತಿ ಮೀರಿ ತುಳಿದು, ವಾರದ ಮಿಕ್ಕ ದಿನಗಳನ್ನೆಲ್ಲ ಆಯಾಸದಲ್ಲಿ ಕಳೆಯುತ್ತಾರೆ. ಎರಡೂ ತಪ್ಪು ದಾರಿಗಳೆಂಬುದು, ಮತ್ತು ಆ ದಾರಿಗೆ ಜನರನ್ನು ಹಚ್ಚುತ್ತಿರುವುದು ಎಲ್ಲ ವ್ಯಾಯಾಮಗಳಿಗೂ ಒಂದೇ ಮಿತಿಯನ್ನು ಬರೆದುಕೊಡುವ ನಮ್ಮ ತರಬೇತಿಯ ಪದ್ಧತಿಯೆಂಬುದು ನನ್ನ ದೃಢವಾದ ಅಭಿಪ್ರಾಯ. ಹೃದಯ ಬಡಿತದ ಅಂಕಿಯು ಆಯಾ ವ್ಯಾಯಾಮಕ್ಕೆ ಸೇರಿದ್ದು. ಓಟದಲ್ಲಿ ಪಡೆದ ಅಳತೆಯನ್ನು ತುಳಿಯುವ ಕಾಲಿಗೆ ಹಿಡಿಯಲು ಬರುವುದಿಲ್ಲ.

ಹೀಗೇಕೆಂಬುದನ್ನು ಅರಿಯಬೇಕಾದರೆ ಹೃದಯದ ಕೆಲಸವನ್ನು ಅದರ ಮೂಲದಲ್ಲಿಯೇ ನೋಡಬೇಕಾಗುತ್ತದೆ. ರಕ್ತವು ದೇಹವನ್ನೆಲ್ಲ ಸುತ್ತಿ ಹೃದಯಕ್ಕೇ ಹಿಂದಿರುಗುತ್ತದೆಂಬುದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಸಪ್ರಮಾಣವಾಗಿ ತೋರಿಸಿದ ಮೇಲೆ, ಹಾಗೆ ಸುತ್ತುವ ರಕ್ತದ ಪರಿಮಾಣವನ್ನು ಅಳೆಯುವ ಉಪಾಯವನ್ನು ಜರ್ಮನಿಯ ಅಡಾಲ್ಫ್ ಫಿಕ್ 1870ರಲ್ಲಿ ಸೂಚಿಸುವವರೆಗೆ ಎರಡು ಶತಮಾನಗಳಿಗೂ ಮಿಕ್ಕ ಕಾಲ ಸಂದಿತು. ದೇಹವು ಒಂದು ನಿಮಿಷದಲ್ಲಿ ಬಳಸಿದ ಆಮ್ಲಜನಕದ ಮೊತ್ತವನ್ನು, ಹೃದಯದಿಂದ ಹೊರಡುವ ರಕ್ತಕ್ಕೂ ಹೃದಯಕ್ಕೆ ಹಿಂದಿರುಗುವ ರಕ್ತಕ್ಕೂ ನಡುವೆ ಇರುವ ಆಮ್ಲಜನಕದ ಅಂತರದಿಂದ ಭಾಗಿಸಿದರೆ, ಆ ನಿಮಿಷದಲ್ಲಿ ಹೃದಯ ಹೊರದೂಡಿದ ರಕ್ತ ಎಷ್ಟೆಂಬುದು ತಿಳಿಯುತ್ತದೆ. ಇದೇ ಫಿಕ್ಕನ ಸೂತ್ರ. ಸುಮ್ಮನೆ ಕುಳಿತಿರುವ ವಯಸ್ಕನಲ್ಲಿ ಈ ಪರಿಮಾಣ ನಿಮಿಷಕ್ಕೆ ಸುಮಾರು 5 ಲೀಟರು. ಆರೋಗ್ಯವಂತನಾದ ಯುವಕ ಶಕ್ತಿಯಿದ್ದಷ್ಟೂ ಓಡುವಾಗ 20 ಲೀಟರಿನಷ್ಟಾಗುತ್ತದೆ. ಮೊದಲ ದರ್ಜೆಯ ದೂರದ ಓಟಗಾರರಲ್ಲಿ 35 ಲೀಟರನ್ನೂ ಮುಟ್ಟುವುದುಂಟು. ವಿಶ್ರಾಂತಿಯಲ್ಲಿ ಪ್ರತಿ 100 ಮಿಲಿಲೀಟರು ರಕ್ತದಿಂದ ಅಂಗಾಂಗಗಳು ಸುಮಾರು 5 ಮಿಲಿಲೀಟರು ಆಮ್ಲಜನಕವನ್ನು ಪಡೆದರೆ, ಕಠಿಣ ಶ್ರಮದಲ್ಲಿ 15 ಮಿಲಿಲೀಟರಿಗೂ ಮೀರಿ ಹೀರಿಕೊಳ್ಳುತ್ತವೆ.

ಹೃದಯವು ಓಟವನ್ನೂ ಅರಿಯದು, ಸೈಕಲ್ಲನ್ನೂ ಅರಿಯದು. ಅದಕ್ಕೆ ತಿಳಿಯುವುದು ಸ್ನಾಯುಗಳ ಬೇಡಿಕೆಯೊಂದೇ. ಎಷ್ಟು ಸ್ನಾಯುರಾಶಿ ಏಕಕಾಲದಲ್ಲಿ ದುಡಿಯುತ್ತಿದೆಯೋ ಅಷ್ಟು ಬೇಡಿಕೆ. ಕೆರೆಯ ತೂಬೊಂದನ್ನೇ ತೆರೆದು ಎಷ್ಟು ನೀರು ಹರಿಸಿದರೂ ಒಂದು ಕಾಲುವೆ ಹೊರುವಷ್ಟೇ ಹರಿದೀತು. ನಾಲ್ಕು ತೂಬುಗಳನ್ನು ತೆರೆದಾಗ ಮಾತ್ರ ಕೆರೆಯ ಪೂರ್ಣ ಸಾಮರ್ಥ್ಯದ ಪರೀಕ್ಷೆಯಾಗುತ್ತದೆ. ಓಡುವವನು ತನ್ನ ಇಡೀ ದೇಹದ ಭಾರವನ್ನು ತಾನೇ ಹೊತ್ತು, ಹೆಜ್ಜೆಹೆಜ್ಜೆಗೂ ಅದನ್ನು ನೆಲದಿಂದ ಎತ್ತಿ ಮುಂದಕ್ಕೆಸೆದು ಮತ್ತೆ ಹಿಡಿದುಕೊಳ್ಳಬೇಕಾಗುತ್ತದೆ. ಪಾದ ನೆಲವನ್ನು ತಾಕುವ ಪ್ರತಿ ಸಲವೂ ದೇಹದ ತೂಕದ ಎರಡು ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. ಮೀನಖಂಡ, ತೊಡೆಯ ಹಿಂಭಾಗ ಮುಂಭಾಗ, ನಿತಂಬ, ಸೊಂಟ, ಹೊಟ್ಟೆ, ಬೆನ್ನು, ಬೀಸುವ ತೋಳು, ಇವೆಲ್ಲ ಆ ದುಡಿಮೆಯಲ್ಲಿ ಪಾಲುಗೊಳ್ಳುತ್ತವೆ. ಸೈಕಲ್ ಸವಾರನ ಭಾರವನ್ನಾದರೋ ಸೀಟು ಹೊತ್ತಿದೆ. ಎದೆಯ ಭಾರದ ಒಂದಂಶವನ್ನು ಹ್ಯಾಂಡಲ್ ಹೊತ್ತಿದೆ. ಆತನ ದುಡಿಮೆಯೆಲ್ಲ ಮುಖ್ಯವಾಗಿ ತೊಡೆಯ ಮುಂಭಾಗದ ದೊಡ್ಡ ಸ್ನಾಯುಗಳಲ್ಲಿಯೂ ನಿತಂಬದಲ್ಲಿಯೂ ಕೇಂದ್ರೀಕೃತವಾಗಿದೆ. ಸವಾರನು ಸೀಟಿನಿಂದೆದ್ದು ನಿಂತು ತುಳಿಯತೊಡಗಿದೊಡನೆ ತೋಳು, ಭುಜ, ಬೆನ್ನುಗಳೂ ಕೆಲಸಕ್ಕಿಳಿದು ನಾಡಿಯ ಅಂಕಿ ಮೇಲಕ್ಕೇರುವುದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಬೇಡಿಕೆಯ ಮಾತಿಗೆ ಇದಕ್ಕಿಂತ ಪ್ರತ್ಯಕ್ಷವಾದ ನಿದರ್ಶನ ಬೇಕಾಗಿಲ್ಲ.

ಈ ಭೇದವನ್ನು ವಿಜ್ಞಾನಿಗಳು ಎರಡು ಬೇರೆ ಬೇರೆ ದಾರಿಗಳಿಂದ ಬಂದು ಕಂಡುಕೊಂಡರೆಂಬುದು ಸ್ವಾರಸ್ಯವಾಗಿದೆ. ಡೆನ್ಮಾರ್ಕಿನ ಆಗಸ್ಟ್ ಕ್ರೋಗ್, ಸೂಕ್ಷ್ಮ ರಕ್ತನಾಳಗಳ ಮೇಲಿನ ಸಂಶೋಧನೆಗಾಗಿ 1920ರ ನೊಬೆಲ್ ಪಾರಿತೋಷಕವನ್ನು ಪಡೆದಾತ, ಅದಕ್ಕೂ ಮೊದಲೇ 1913ರಲ್ಲಿ ಶ್ರಮವನ್ನು ಕರಾರುವಾಕ್ಕಾಗಿ ಅಳೆಯಬಲ್ಲ ಸ್ಥಿರ ಸೈಕಲ್ಲೊಂದನ್ನು ತನ್ನ ಪ್ರಯೋಗಶಾಲೆಗಾಗಿ ನಿರ್ಮಿಸಿದ್ದನು. ಸ್ಕಾಂಡಿನೇವಿಯಾದ ಶರೀರವಿಜ್ಞಾನವೆಲ್ಲ ಬಹುಕಾಲ ಸೈಕಲ್ಲಿನ ಮೇಲೆಯೇ ಬೆಳೆಯಿತು. ಇತ್ತ ಇಂಗ್ಲೆಂಡಿನಲ್ಲಿ 1922ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಎ. ವಿ. ಹಿಲ್, ಹೊರಬಿಟ್ಟ ಉಸಿರನ್ನು ಸಂಗ್ರಹಿಸುವ ಚೀಲವನ್ನು ಬೆನ್ನಿಗೇರಿಸಿಕೊಂಡು ಹುಲ್ಲಿನ ಮೈದಾನದಲ್ಲಿ ತಾನೇ ಸುತ್ತು ಸುತ್ತು ಓಡಿ, ವೇಗ ಎಷ್ಟು ಹೆಚ್ಚಿದರೂ ಒಂದು ಮಟ್ಟದಿಂದಾಚೆಗೆ ಆಮ್ಲಜನಕದ ಸೇವನೆ ಹೆಚ್ಚದೆಂಬುದನ್ನು ಮನಗಂಡನು. ಮನುಷ್ಯನ ಈ ಪರಮಾವಧಿಯನ್ನು ಮುಂದೆ ಓಟದಲ್ಲಿಯೂ ಸೈಕಲ್ಲಿನಲ್ಲಿಯೂ ಅಳೆದು ಹೋಲಿಸಿದಾಗ, ಸೈಕಲ್ಲಿನಲ್ಲಿ ವಿಶೇಷ ಅಭ್ಯಾಸವಿಲ್ಲದವರಲ್ಲಿ ಸೈಕಲ್ಲಿನ ಪರಮಾವಧಿ ಓಟದ ಪರಮಾವಧಿಗಿಂತ ಸಾಮಾನ್ಯವಾಗಿ ನೂರಕ್ಕೆ 5ರಿಂದ 15ರಷ್ಟು ಕಡಮೆಯಿರುವುದೂ, ಬಡಿತದ ಗರಿಷ್ಠ ಅಂಕಿ ನಿಮಿಷಕ್ಕೆ 5ರಿಂದ 10ರಷ್ಟು ಕೆಳಗಿರುವುದೂ ಮತ್ತೆ ಮತ್ತೆ ಕಂಡುಬಂದಿತು. ಆದುದರಿಂದ ಕಬ್ಬನ್ ಉದ್ಯಾನದ ಓಟಗಾರನಿಗೆ ಸೈಕಲ್ಲಿನ ಮೇಲೆ ಕಾಣುವ ಇಳಿಕೆಯ ಅಂಕಿ ಆತನ ಹೃದಯದ ದೋಷವೂ ಅಲ್ಲ, ಗಡಿಯಾರದ ದೋಷವೂ ಅಲ್ಲ.

ಆದರೆ ಅಂಕಿ ಕೆಳಗಿದ್ದರೂ ಶ್ರಮ ಮಾತ್ರ ಏಕೆ ಅಷ್ಟೊಂದು? ಇಲ್ಲಿಯೇ ವಿಷಯದ ಮರ್ಮವಿರುವುದು. ಕೆಲಸವನ್ನು ಹಂಚಿಕೊಳ್ಳುವ ಸ್ನಾಯುಗಳು ಕಡಮೆಯಾದಷ್ಟೂ ಒಂದೊಂದು ಎಳೆಯ ಪಾಲಿಗೆ ಬರುವ ಹೊರೆ ಹೆಚ್ಚು. ಮೇಲಾಗಿ, ಪೆಡಲನ್ನು ಕೆಳಕ್ಕೆ ಒತ್ತುವಾಗ ತೊಡೆಯ ಸ್ನಾಯು ಬಿಗಿದುಕೊಂಡು ತನ್ನೊಳಗಿನ ರಕ್ತನಾಳಗಳನ್ನು ತಾನೇ ಅದುಮುತ್ತದೆ. ಒತ್ತಡ ಬಲವಾಗಿದ್ದು ದೀರ್ಘವಾಗಿದ್ದಷ್ಟೂ ರಕ್ತಪ್ರವಾಹಕ್ಕೆ ಅಡಚಣೆ ಹೆಚ್ಚು. ಹೀಗೆ ಆಮ್ಲಜನಕದ ಪೂರೈಕೆ ಸಾಲದೆ ಬಂದ ಸ್ನಾಯುವು ಸಕ್ಕರೆಯನ್ನು ಅವಸರವಾಗಿ ಒಡೆದು ಶಕ್ತಿಯನ್ನು ಪಡೆಯುವ ಹಾದಿಯನ್ನು ಹಿಡಿಯುತ್ತದೆ. ಲ್ಯಾಕ್ಟೇಟ್ ರಕ್ತದಲ್ಲಿ ಏರುತ್ತದೆ, ರಕ್ತದ ಆಮ್ಲೀಯತೆ ಹೆಚ್ಚುತ್ತದೆ. ಸೈಕಲ್ಲಿಗೆ ಹೊಸಬನಾದವನು ನಂದಿಬೆಟ್ಟದ ಕಡಿದಾದ ತಿರುವೊಂದರಲ್ಲಿ ಭಾರವಾದ ಗೇರಿನಲ್ಲಿ ಒದ್ದಾಡುತ್ತಿರುವುದನ್ನು ನೋಡಿರಿ: ಹಲ್ಲು ಕಚ್ಚಿದೆ, ಹ್ಯಾಂಡಲ್ ಹಿಡಿದ ಬೆರಳುಗಳ ಗೆಣ್ಣು ಬಿಳುಪೇರಿದೆ, ಮಂಡಿಯ ಮೇಲುಭಾಗದ ಸ್ನಾಯು ಚರ್ಮದಡಿ ಅದುರುತ್ತಿದೆ, ಕಾಲು ಸೋತು ಆತ ಕೆಳಗಿಳಿಯುವ ಹೊತ್ತಿಗೆ ಹೃದಯಕ್ಕೆ ಇನ್ನೂ ಎಷ್ಟೋ ಅವಕಾಶ ಉಳಿದೇ ಇರುತ್ತದೆ. ಓಟದಲ್ಲಿ ಸಾಮಾನ್ಯವಾಗಿ ಮೊದಲು ಸಾಕೆನ್ನುವುದು ಎದೆ. ಸೈಕಲ್ಲಿನಲ್ಲಿ ಮೊದಲು ಸಾಕೆನ್ನುವುದು ತೊಡೆ.

ನನ್ನ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಮಂಡಿನೋವಿನ ದೆಸೆಯಿಂದ ಓಟವನ್ನು ಬಿಟ್ಟು ಸೈಕಲ್ಲನ್ನು ಹಿಡಿದವರು. “ಓಡುವಾಗ ನೂರೈವತ್ತು ದಾಟುತ್ತಿತ್ತು ಸ್ವಾಮಿ, ಇಲ್ಲಿ ನೂರ ಮೂವತ್ತಕ್ಕೇ ಕಾಲು ಸೋತುಹೋಗುತ್ತೆ. ಇದರಿಂದ ಹೃದಯಕ್ಕೆ ಬಂದ ಭಾಗ್ಯವೇನು?” ಎಂದು ಅವರು ಬೇಸರಪಟ್ಟುಕೊಂಡರು. “ಮೇಷ್ಟ್ರೇ, ಯಾವ ಗೇರಿನಲ್ಲಿ ತುಳಿಯುತ್ತೀರಿ?” ಎಂದು ಕೇಳಿದೆ. ಗೇರು ಭಾರವಾದಷ್ಟೂ ವ್ಯಾಯಾಮ ಶ್ರೇಷ್ಠವೆಂಬ ಭಾವನೆಯಿಂದ ಅವರು ಅತ್ಯಂತ ಭಾರವಾದ ಗೇರಿನಲ್ಲಿ, ನಿಮಿಷಕ್ಕೆ ಐವತ್ತು ಸುತ್ತು ಕೂಡ ಬಾರದಷ್ಟು ನಿಧಾನವಾಗಿ ತುಳಿಯುತ್ತಿದ್ದರು. ಅದೇ ವೇಗವನ್ನು ಹಗುರ ಗೇರಿನಲ್ಲಿ, ನಿಮಿಷಕ್ಕೆ ಎಂಬತ್ತು ತೊಂಬತ್ತು ಸುತ್ತುಗಳಲ್ಲಿ ಸಾಧಿಸಿದರೆ ಪ್ರತಿಯೊಂದು ತುಳಿತದ ಒತ್ತಡ ತಗ್ಗಿ, ಸ್ನಾಯು ಬಿಗಿಯುವ ಸಡಿಲವಾಗುವ ಸರದಿ ಚುರುಕಾಗಿ, ಹೊರೆಯು ಕಾಲಿನಿಂದ ಸ್ವಲ್ಪಮಟ್ಟಿಗೆ ಹೃದಯ ಶ್ವಾಸಕೋಶಗಳ ಕಡೆಗೆ ಸರಿಯುತ್ತದೆ. ಮೇಷ್ಟ್ರು ಹಾಗೆ ಮಾಡಿ ನೋಡಿದರು. ತೊಡೆಯ ಉರಿ ಇಳಿಯಿತು, ನಾಡಿ ಏರಿತು, ಅವರ ಬೇಸರವೂ ಕಳೆಯಿತು. ಸೈಕಲ್ಲಿನ ನಾಡಿಯ ಅಂಕಿಯನ್ನು ಗೇರಿನಿಂದಲೇ ಇಷ್ಟುಮಟ್ಟಿಗೆ ಏರಿಸಿ ಇಳಿಸಬಹುದೆಂದ ಮೇಲೆ, ಆ ಅಂಕಿಯೊಂದನ್ನೇ ಹಿಡಿದು ವ್ಯಾಯಾಮದ ಯೋಗ್ಯತೆಯನ್ನು ತೀರ್ಮಾನಿಸುವುದು ಎಷ್ಟು ಅವಿಚಾರವೆಂಬುದು ಸ್ಪಷ್ಟವಾಗುತ್ತದೆ.

ಇನ್ನು ಉಸಿರಿನ ವಿಚಾರ. ನಾಡಿಗಿಂತ ಉಸಿರು ಹೆಚ್ಚು ಮಾತನಾಡುತ್ತದೆಂದು ನಾನು ನಂಬಿದ್ದೇನೆ. ಆದರೂ ಯಂತ್ರವು ಅದನ್ನು ಅಷ್ಟು ಸುಲಭವಾಗಿ ತೋರಿಸದ ಕಾರಣ ಜನರ ಅವಧಾನ ಅದರ ಕಡೆಗೆ ಹರಿಯುವುದು ಕಡಮೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 12ರಿಂದ 16 ಸಲ, ಸಲಕ್ಕೆ ಸುಮಾರು ಅರ್ಧ ಲೀಟರಿನಂತೆ ಗಾಳಿಯನ್ನು ಎಳೆದುಕೊಳ್ಳುವ ನಾವು, ಕಠಿಣ ಶ್ರಮದಲ್ಲಿ ನಿಮಿಷಕ್ಕೆ 40, 50 ಸಲ, ಸಲಕ್ಕೆ ಎರಡು ಲೀಟರನ್ನೂ ಮೀರಿ ಎಳೆದುಕೊಂಡು, ಒಟ್ಟಿನಲ್ಲಿ 100 ಲೀಟರಿಗೂ ಮಿಕ್ಕ ಗಾಳಿಯನ್ನು ಒಳಹೊರಗೆ ಆಡಿಸುತ್ತೇವೆ. ಈ ಏರಿಕೆಯ ಪ್ರೇರಣೆ ಆಮ್ಲಜನಕದ ಕೊರತೆಯೆಂಬುದು ಸಾಮಾನ್ಯ ಕಲ್ಪನೆ. ವಾಸ್ತವವಾಗಿ ಸಮತಟ್ಟಾದ ನೆಲದ ಮೇಲೆ ಓಡುವ ಆರೋಗ್ಯವಂತನ ರಕ್ತದಲ್ಲಿ ಆಮ್ಲಜನಕಕ್ಕೆ ಅಂಥ ಬರವೇನೂ ಬಂದಿರುವುದಿಲ್ಲ; ಚಲಿಸುವ ಅಂಗಗಳಿಂದ ಮಿದುಳಿಗೆ ಹೋಗುವ ಸೂಚನೆಗಳೂ, ರಕ್ತದಲ್ಲಿ ಕೂಡಿಕೊಳ್ಳುವ ಇಂಗಾಲದ ಡೈಆಕ್ಸೈಡೂ, ಆಮ್ಲೀಯತೆಯೂ ಉಸಿರನ್ನು ತ್ವರೆಗೊಳಿಸುತ್ತವೆ. ಸ್ನಾಯುಗಳಿಂದ ಬಂದ ಆಮ್ಲವನ್ನು ರಕ್ತದ ಬೈಕಾರ್ಬೊನೇಟ್ ಶಮನಗೊಳಿಸುವಾಗ ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅದನ್ನು ಹೊರಹಾಕುವುದಕ್ಕಾಗಿ ಉಸಿರು ಒಮ್ಮೆಗೇ ಜೋರಾಗುತ್ತದೆ. ಏರಿನಲ್ಲಿ ಭಾರವಾದ ಗೇರು ಹಿಡಿದ ಹೊಸ ಸವಾರನಿಗೆ ನಾಡಿಯ ಅಂಕಿ ಸೌಮ್ಯವಾಗಿದ್ದರೂ ಏದುಸಿರು ಬರುವುದೇಕೆಂಬ ಪ್ರಶ್ನೆಗೆ ಉತ್ತರ ಇದೇ: ತೊಡೆಯೊಂದರ ಸಂಕಟವನ್ನು ಇಡೀ ದೇಹದ ಉಸಿರು ಹೊರಗೆ ಹೇಳುತ್ತಿದೆ.

ಓಟದ ಉಸಿರಿಗಾದರೋ ಹೆಜ್ಜೆಯ ತಾಳವಿದೆ. ಡೆನ್ನಿಸ್ ಬ್ರಾಂಬಲ್, ಡೇವಿಡ್ ಕ್ಯಾರಿಯರ್ ಎಂಬ ಅಮೆರಿಕದ ವಿಜ್ಞಾನಿಗಳಿಬ್ಬರು 1983ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದರಲ್ಲಿ, ನಾಗಾಲೋಟದಲ್ಲಿರುವ ಕುದುರೆಯಂಥ ನಾಲ್ಕು ಕಾಲಿನ ಪ್ರಾಣಿಗಳು ಒಂದು ನೆಗೆತಕ್ಕೆ ಒಂದೇ ಉಸಿರೆಂಬ ಕಟ್ಟಿಗೆ ಒಳಗಾಗಿದ್ದರೆ, ಎರಡು ಕಾಲಿನ ಮನುಷ್ಯನು ಮಾತ್ರ ನಾಲ್ಕಕ್ಕೊಂದು, ಮೂರಕ್ಕೊಂದು, ಐದಕ್ಕೆರಡು, ಎರಡಕ್ಕೊಂದು ಎಂದು ಹಲವು ಲಯಗಳನ್ನು ಆರಿಸಿಕೊಳ್ಳಬಲ್ಲನೆಂದೂ, ಇವುಗಳಲ್ಲಿ ಎರಡಕ್ಕೊಂದರ ಲಯವೇ ಹೆಚ್ಚು ರೂಢಿಯಲ್ಲಿದೆಯೆಂದೂ ತೋರಿಸಿಕೊಟ್ಟರು. ಮುಂಗಾಲು ನೆಲಕ್ಕೆ ತಾಕಿದಾಗ ಎದೆಗೂಡಿನ ಮೇಲೆ ಬೀಳುವ ಒತ್ತಡವು ಚತುಷ್ಪಾದಿಯ ಉಸಿರನ್ನು ಕಟ್ಟಿಹಾಕುತ್ತದೆ. ನೆಟ್ಟಗೆ ನಿಂತ ನಮ್ಮ ಎದೆ ಆ ಬಂಧನದಿಂದ ಬಹುಮಟ್ಟಿಗೆ ಬಿಡುಗಡೆ ಪಡೆದಿದೆ. ಆದರೂ ಪ್ರತಿ ಹೆಜ್ಜೆಗೂ ಉದರದ ಅಂಗಗಳು ಕುಲುಕಿ ವಪೆಯನ್ನು ಕೆಳಗಿನಿಂದ ತಾಕುತ್ತಿರುವುದರಿಂದ, ನುರಿತ ಓಟಗಾರನ ಉಸಿರು ಅವನಿಗೆ ಅರಿವಿಲ್ಲದೆಯೇ ಹೆಜ್ಜೆಯೊಡನೆ ಹೊಂದಿಕೊಳ್ಳುತ್ತದೆ. ಬೆಂಗಳೂರಿನಲ್ಲಿ 2008ರಿಂದ ನಡೆದುಬಂದಿರುವ ಹತ್ತು ಕಿಲೋಮೀಟರಿನ ಓಟದ ದಿನ ರಸ್ತೆಯ ಬದಿಯಲ್ಲಿ ನಿಂತು ಕಿವಿಗೊಟ್ಟವರಿಗೆ, ಮುಂದಿನ ಸಾಲಿನವರ ಹೆಜ್ಜೆಯ ಸಪ್ಪಳ ಮತ್ತು ಉಸಿರಿನ ಸಪ್ಪಳಗಳ ಈ ಹೊಂದಾಣಿಕೆ ಸ್ಪಷ್ಟವಾಗಿಯೇ ಕೇಳಿಸುತ್ತದೆ. ಹಿಂದೆ ಬರುವ ಹೊಸಬರಲ್ಲಿ ಅದು ಆಗಾಗ ತಪ್ಪಿಹೋಗುವುದೂ ಕೇಳಿಸುತ್ತದೆ.

ಸೈಕಲ್ಲಿನಲ್ಲಿ ನೆಲದ ಪೆಟ್ಟಿಲ್ಲ, ಉದರದ ಕುಲುಕಾಟವಿಲ್ಲ. ಆದಕಾರಣ ಉಸಿರು ತುಳಿತಕ್ಕೆ ಅಷ್ಟಾಗಿ ಕಟ್ಟುಬೀಳದೆ ತನ್ನ ಲಯವನ್ನು ತಾನೇ ಆರಿಸಿಕೊಳ್ಳುತ್ತದೆ. ಈ ಸ್ವಾತಂತ್ರ್ಯಕ್ಕೆ ಬೇರೊಂದು ಕಡೆಯಿಂದ ಅಡ್ಡಿ ಬರುವುದುಂಟು. ಗಾಳಿಯನ್ನು ಸೀಳುವ ಸಲುವಾಗಿ ಸವಾರನು ಹ್ಯಾಂಡಲಿನ ಕೆಳಗಿನ ಬಾಗನ್ನು ಹಿಡಿದು ಬೆನ್ನನ್ನು ನೆಲಕ್ಕೆ ಸಮಾಂತರವಾಗಿ ಬಗ್ಗಿಸಿದಾಗ, ಏರಿಳಿಯುವ ತೊಡೆಗಳು ಹೊಟ್ಟೆಯನ್ನು ಒತ್ತುತ್ತವೆ. ವಪೆ ಕೆಳಕ್ಕಿಳಿಯಲು ಬೇಕಾದ ಎಡೆ ಕಿರಿದಾಗುತ್ತದೆ. ಬೊಜ್ಜು ಬೆಳೆಸಿಕೊಂಡವರು ಪಂದ್ಯದ ಸೈಕಲ್ಲನ್ನು ಕೊಂಡು ಪಂದ್ಯಾಳುಗಳ ಭಂಗಿಯನ್ನು ಅನುಕರಿಸಿದಾಗ ಉಸಿರುಕಟ್ಟಿದಂತಾಗಿ ಗಾಬರಿಯಾಗುವುದು ಇದೇ ಕಾರಣದಿಂದ. ಅಂಥವರು ಹ್ಯಾಂಡಲ್ಲನ್ನು ಒಂದಿಷ್ಟು ಎತ್ತರಿಸಿಕೊಂಡು, ಮೊಣಕೈ ಸಡಿಲಬಿಟ್ಟು, ಎದೆ ತೆರೆದು ಕುಳಿತರೆ ಆ ಗಾಬರಿಯ ಬಹುಪಾಲು ನಿವಾರಣೆಯಾಗುತ್ತದೆ. ಮೂಗಿನಲ್ಲಿಯೇ ಉಸಿರಾಡಬೇಕೆಂಬ ನಿಯಮವನ್ನು ಏರುದಾರಿಯಲ್ಲೂ ಪಾಲಿಸಹೊರಟು ಸಂಕಟಪಡುವವರನ್ನು ನಾನು ನೋಡಿದ್ದೇನೆ. ಪ್ರಾಣಾಯಾಮದ ಆಸನದಲ್ಲಿ ಯುಕ್ತವಾದ ನಿಯಮ ಶ್ರಮದ ಪರಾಕಾಷ್ಠೆಯಲ್ಲಿ ಯುಕ್ತವಾಗಬೇಕೆಂದೇನೂ ಇಲ್ಲ. ದೇಹವು ಬಾಯನ್ನು ತೆರೆಯಬಯಸಿದರೆ ತೆರೆಯಲಿ.

ದಾರಿಯ ಮತ್ತು ಹವೆಯ ಪ್ರಭಾವವೂ ಎರಡಕ್ಕೂ ಒಂದೇ ಬಗೆಯಾಗಿಲ್ಲ. ಓಟದಲ್ಲಿ ಇಳಿಜಾರು ಕೂಡ ಕೆಲಸವೇ; ಸೈಕಲ್ಲಿನಲ್ಲಿ ಇಳಿಜಾರು ಬಂದೊಡನೆ ತುಳಿಯುವುದು ನಿಂತು ನಾಡಿ ಸರ್ರನೆ ಇಳಿಯುತ್ತದೆ, ಹೀಗಾಗಿ ಒಂದು ಗಂಟೆಯ ಸವಾರಿಯ ಸರಾಸರಿ ಅಂಕಿ ಆ ಗಂಟೆಯ ನಿಜವಾದ ಶ್ರಮವನ್ನು ಮುಚ್ಚಿಡುತ್ತದೆ. ಸಮತಟ್ಟಿನಲ್ಲಿ ಸವಾರನ ಮುಖ್ಯ ಪ್ರತಿಸ್ಪರ್ಧಿ ಗಾಳಿ. ಗಾಳಿಯ ಎದುರು ಬೇಕಾಗುವ ಶಕ್ತಿ ವೇಗದ ಘನದಂತೆ ಏರುವುದರಿಂದ, ಗಂಟೆಗೆ 20 ಕಿಲೋಮೀಟರಿನಿಂದ 30 ಕಿಲೋಮೀಟರಿಗೆ ಹೋಗಬೇಕಾದರೆ ಗಾಳಿಯೊಂದಕ್ಕೇ ಮೂರು ಪಟ್ಟಿಗೂ ಹೆಚ್ಚು ಶಕ್ತಿಯನ್ನು ತೆರಬೇಕಾಗುತ್ತದೆ. ಅದೇ ಗಾಳಿ ಬೆವರನ್ನು ಆರಿಸಿ ಮೈಯನ್ನು ತಂಪಾಗಿಡುವ ಉಪಕಾರವನ್ನೂ ಮಾಡುತ್ತದೆ. ಓಡುವವನಿಗೆ ಆ ತಂಪು ಕಡಮೆ. ಕಲಬುರಗಿಯ ಅಥವಾ ಬಳ್ಳಾರಿಯ ಬೇಸಗೆಯಲ್ಲಿ ಒಂದೇ ವೇಗದಲ್ಲಿ ಓಡುತ್ತಿದ್ದರೂ, ಚರ್ಮಕ್ಕೆ ರಕ್ತವನ್ನು ಕಳುಹಿಸುವ ಹೆಚ್ಚಿನ ಹೊಣೆ ಹೃದಯದ ಮೇಲೆ ಬಿದ್ದು, ಬೆವರಿನಿಂದ ರಕ್ತದ ದ್ರವಾಂಶ ತಗ್ಗಿ, ಅರ್ಧ ಗಂಟೆ ಕಳೆಯುವಷ್ಟರಲ್ಲಿ ನಾಡಿಯ ಅಂಕಿ ತನ್ನಷ್ಟಕ್ಕೆ ಮೇಲೇರತೊಡಗುತ್ತದೆ. ಮನೆಯೊಳಗೆ ಫ್ಯಾನಿಲ್ಲದ ಕೋಣೆಯಲ್ಲಿ ಸ್ಥಿರ ಸೈಕಲ್ ತುಳಿಯುವವರಿಗೂ ಇದೇ ಅನುಭವ.

ಇಷ್ಟೆಲ್ಲ ವೈವಿಧ್ಯವಿರುವಾಗ, 220ರಿಂದ ವಯಸ್ಸನ್ನು ಕಳೆದರೆ ಹೃದಯದ ಗರಿಷ್ಠ ಬಡಿತ ಬರುತ್ತದೆಂಬ ಸೂತ್ರವೊಂದನ್ನು ಹಿಡಿದು ಓಟಕ್ಕೂ ಸೈಕಲ್ಲಿಗೂ ಈಜಿಗೂ ಸಮನಾಗಿ ಮಿತಿಗಳನ್ನು ಹಾಕಿಕೊಡುತ್ತಿರುವುದು ನನಗೆ ಬಹಳ ಖೇದದ ಸಂಗತಿಯಾಗಿ ತೋರುತ್ತದೆ. ಆ ಸೂತ್ರ 1971ರಲ್ಲಿ ಫಾಕ್ಸ್ ಮತ್ತು ಆತನ ಸಂಗಡಿಗರು, ಅಂದಿಗೆ ದೊರೆತಿದ್ದ ಅಂಕಿಗಳನ್ನು ಒಟ್ಟುಗೂಡಿಸಿ ಸ್ಥೂಲವಾಗಿ ಸೂಚಿಸಿದ್ದು. 2001ರಲ್ಲಿ ತನಾಕ ಮೊದಲಾದವರು ಹೆಚ್ಚಿನ ಆಧಾರಗಳಿಂದ 208ರಿಂದ ವಯಸ್ಸಿನ ಹತ್ತರಲ್ಲಿ ಏಳು ಪಾಲನ್ನು ಕಳೆಯುವ ಸೂತ್ರವನ್ನು ಮುಂದಿಟ್ಟರು. ಯಾವುದನ್ನು ಹಿಡಿದರೂ ಅದು ಜನಸಮೂಹದ ಸರಾಸರಿಯೇ ಹೊರತು ವ್ಯಕ್ತಿಯ ಜಾತಕವಲ್ಲ. ನಲವತ್ತು ವಯಸ್ಸಿನವನಿಗೆ ಸೂತ್ರವು 180 ಎಂದರೆ, ಆತನ ನಿಜವಾದ ಗರಿಷ್ಠ ಅಂಕಿ 168ರಲ್ಲಿರಬಹುದು, 192ರಲ್ಲಿಯೂ ಇರಬಹುದು. ಎರಡೂ ಆರೋಗ್ಯದ ಲಕ್ಷಣಗಳೇ. ಅದರ ಮೇಲೆ ಓಟ ಮತ್ತು ಸೈಕಲ್ಲಿನ ನಡುವಣ ಅಂತರವನ್ನು ಕೂಡಿಸಿಕೊಂಡರೆ, ಯಂತ್ರವು ಬಣ್ಣಬಣ್ಣದ ಪಟ್ಟಿಗಳಲ್ಲಿ ತೋರಿಸುವ ಶ್ರಮದ ಮಟ್ಟಗಳು ಸವಾರನ ಪಾಲಿಗೆ ಒಂದು ಮೆಟ್ಟಿಲಷ್ಟೇ ತಪ್ಪಾಗಿಬಿಡುತ್ತವೆ. ರಕ್ತದೊತ್ತಡಕ್ಕೋ ಹೃದಯದ ತೊಂದರೆಗೋ ಬಡಿತವನ್ನು ತಗ್ಗಿಸುವ ಮಾತ್ರೆಗಳನ್ನು ಸೇವಿಸುವವರಿಗಂತೂ ಈ ಸೂತ್ರ ಸರ್ವಥಾ ಅನ್ವಯಿಸದು. ಅವರ ನಾಡಿ ಮಾತ್ರೆಯ ಅಂಕೆಯಲ್ಲಿರುತ್ತದೆ. ಮಣಿಕಟ್ಟಿನ ಗಡಿಯಾರವೂ ತಪ್ಪುವುದುಂಟು: ಚರ್ಮದ ಮೂಲಕ ಬೆಳಕು ಹಾಯಿಸಿ ರಕ್ತದ ಮಿಡಿತವನ್ನು ಗುರುತಿಸುವ ಆ ಉಪಕರಣ, ಹ್ಯಾಂಡಲ್ಲನ್ನು ಬಿಗಿಹಿಡಿದು ಹಳ್ಳದಿಣ್ಣೆಗಳ ರಸ್ತೆಯಲ್ಲಿ ಅದುರುವಾಗ ದಾರಿತಪ್ಪುತ್ತದೆ, ಓಡುವಾಗ ಒಮ್ಮೊಮ್ಮೆ ಹೆಜ್ಜೆಯ ಗತಿಯನ್ನೇ ನಾಡಿಯ ಗತಿಯೆಂದು ಭ್ರಮಿಸುತ್ತದೆ. ಎದೆಗೆ ಕಟ್ಟುವ ಪಟ್ಟಿ ಇದಕ್ಕಿಂತ ನಂಬಿಕೆಗೆ ಅರ್ಹ.

ಹೃದ್ರೋಗದ ಶಂಕೆಯಿರುವವರನ್ನು ನಮ್ಮ ಆಸ್ಪತ್ರೆಗಳಲ್ಲಿ ಪರೀಕ್ಷಿಸುವುದು ಸಾಮಾನ್ಯವಾಗಿ ಟ್ರೆಡ್‌ಮಿಲ್ಲಿನ ಮೇಲೆಯೇ ಎಂಬುದಕ್ಕೂ ಇಲ್ಲಿ ಕಾರಣ ದೊರೆಯುತ್ತದೆ. ಜನ ಟಿ.ಎಂ.ಟಿ. ಎಂದು ಕರೆಯುವ ಆ ಪರೀಕ್ಷೆ ಬಹುತೇಕ ಅಮೆರಿಕದ ಹೃದಯತಜ್ಞ ರಾಬರ್ಟ್ ಬ್ರೂಸ್ ರೂಪಿಸಿದ ಕ್ರಮದಲ್ಲಿ ನಡೆಯುತ್ತದೆ: ಗಂಟೆಗೆ 2.7 ಕಿಲೋಮೀಟರಿನ ನಡಿಗೆಯಿಂದ, ನೂರಕ್ಕೆ 10ರ ಏರಿನಿಂದ ಆರಂಭಿಸಿ ಮೂರು ಮೂರು ನಿಮಿಷಕ್ಕೆ ವೇಗವನ್ನೂ ಏರನ್ನೂ ಹೆಚ್ಚಿಸುತ್ತಾರೆ. ಸೈಕಲ್ ರೂಢಿಯಿಲ್ಲದ ರೋಗಿಯನ್ನು ಸೈಕಲ್ಲಿನ ಮೇಲೆ ಕೂರಿಸಿದರೆ ಹೃದಯ ತನ್ನ ಗುಟ್ಟನ್ನು ಬಿಟ್ಟುಕೊಡುವಷ್ಟರ ಮಟ್ಟಿಗೆ ದುಡಿಯುವ ಮೊದಲೇ ಕಾಲು ಸೋತು ಪರೀಕ್ಷೆ ಅಪೂರ್ಣವಾಗಬಹುದು. ಅಂದಮೇಲೆ ವೈದ್ಯರೇ ಮನ್ನಿಸುವ ಈ ಭೇದವನ್ನು ವ್ಯಾಯಾಮಶಾಲೆಗಳ ತರಬೇತುದಾರರು ಮನ್ನಿಸದಿರುವುದು ಸರಿಯಲ್ಲ.

ಈ ಅಂತರ ಶಾಶ್ವತವೂ ಅಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಊರುಗಳಿಂದ ಬಂದು ರಾಜ್ಯದ ಸೈಕ್ಲಿಂಗಿಗೆ ಕೀರ್ತಿ ತಂದಿರುವ ಹುಡುಗ ಹುಡುಗಿಯರಂತೆ ಬಾಲ್ಯದಿಂದಲೇ ತುಳಿದು ಪಳಗಿದವರಲ್ಲಿ, ತೊಡೆಯ ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳ ಜಾಲ ದಟ್ಟವಾಗಿ, ಆಮ್ಲಜನಕವನ್ನು ಬಳಸುವ ಶಕ್ತಿ ಬೆಳೆದು, ಸೈಕಲ್ಲಿನ ಪರಮಾವಧಿ ಓಟದ ಪರಮಾವಧಿಯನ್ನು ಮುಟ್ಟುತ್ತದೆ, ಕೆಲವೊಮ್ಮೆ ಮೀರುತ್ತದೆ. ಅಂಥವರನ್ನು ಒಮ್ಮೆಗೇ ಓಟಕ್ಕಿಳಿಸಿದರೆ, ಎದೆ ಸಿದ್ಧವಾಗಿದ್ದರೂ ಮೀನಖಂಡವೂ ಮಂಡಿಯೂ ನೆಲದ ಪೆಟ್ಟಿಗೆ ಸಿದ್ಧವಾಗಿರುವುದಿಲ್ಲ. ಈಜು, ಸೈಕಲ್, ಓಟ ಮೂರನ್ನೂ ಒಂದರ ಬೆನ್ನಿಗೊಂದು ಮುಗಿಸುವ ಟ್ರಯಥ್ಲಾನಿನ ಸ್ಪರ್ಧಿಗಳು, ಸೈಕಲ್ಲಿನಿಂದಿಳಿದು ಓಡತೊಡಗಿದ ಮೊದಲ ನಿಮಿಷಗಳಲ್ಲಿ ಕಾಲು ಮರಗಟ್ಟಿದಂತೆಯೂ ಉಸಿರು ಅಂಕೆ ಮೀರಿದಂತೆಯೂ ಭಾವಿಸುವರು. ಒಂದೇ ಹೃದಯವು ಒಂದು ದುಡಿಮೆಯಿಂದ ಮತ್ತೊಂದು ದುಡಿಮೆಗೆ ಹೊಂದಿಕೊಳ್ಳಲು ಕೇಳುವ ಕಾಲಾವಕಾಶ ಅದು.

ಹಾಗಾದರೆ ಎರಡರಲ್ಲಿ ಯಾವುದು ಮೇಲೆಂಬ ಪ್ರಶ್ನೆ ಬಂದೇ ಬರುತ್ತದೆ. ಹೃದಯದ ಮಟ್ಟಿಗೆ ಆ ಪ್ರಶ್ನೆಗೆ ಬೆಲೆಯಿಲ್ಲವೆನ್ನುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನೋ, 75ರಿಂದ 150 ನಿಮಿಷಗಳ ತೀವ್ರ ಶ್ರಮವನ್ನೋ ವಿಧಿಸಿದಾಗ ಇಂಥದೇ ವ್ಯಾಯಾಮವಾಗಬೇಕೆಂದು ಕಟ್ಟು ಹಾಕಲಿಲ್ಲ. ಮಂಡಿ ಸವೆದವರು, ತೂಕ ಹೆಚ್ಚಾದವರು ಸೈಕಲ್ಲನ್ನು ಹಿಡಿಯುವುದು ವಿವೇಕ. ಎಲುಬು ಗಟ್ಟಿಯಾಗಬೇಕಾದವರಿಗೆ ನೆಲದ ಪೆಟ್ಟನ್ನು ಕೊಡುವ ಓಟ ಅಥವಾ ಬಿರುಸಿನ ನಡಿಗೆ ಸ್ವಲ್ಪವಾದರೂ ಇರತಕ್ಕದ್ದು, ಏತಕ್ಕೆಂದರೆ ವರ್ಷಗಟ್ಟಲೆ ಸೈಕಲ್ಲನ್ನೇ ನೆಚ್ಚಿದ ವೃತ್ತಿನಿರತ ಸವಾರರಲ್ಲಿ ಎಲುಬಿನ ಸಾಂದ್ರತೆ ಕಡಮೆಯಿರುವುದು ಕಂಡುಬಂದಿದೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ತರಬೇತುದಾರರು ಓಟಕ್ಕೊಂದು, ಸೈಕಲ್ಲಿಗೊಂದು ಎಂದು ಎರಡು ಬೇರೆ ಮಿತಿಗಳನ್ನು, ಆಯಾ ವ್ಯಾಯಾಮದಲ್ಲಿಯೇ ಪರೀಕ್ಷಿಸಿ ನಿಗದಿ ಮಾಡಲಿ. ಅಂಕಿಯ ಜೊತೆಗೆ ಉಸಿರನ್ನೂ ಕಾಲನ್ನೂ ವಿಚಾರಿಸುವ ವಾಡಿಕೆ ಬೆಳೆಯಲಿ. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ 1960ರ ದಶಕದಲ್ಲಿ ರಚಿಸಿದ, 6ರಿಂದ 20ರವರೆಗಿನ ಶ್ರಮಾನುಭವದ ಮಾನ ಇಂದಿಗೂ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿರುವುದು, ಮನುಷ್ಯನು ತನ್ನ ಶ್ರಮವನ್ನು ತಾನು ಹೇಳಿಕೊಳ್ಳುವ ಮಾತಿಗೆ ವಿಜ್ಞಾನದಲ್ಲಿಯೂ ಸ್ಥಾನವಿದೆಯೆಂಬುದಕ್ಕೆ ಸಾಕ್ಷಿ. ಇನ್ನೂ ಸುಲಭದ ಪರೀಕ್ಷೆಯೊಂದುಂಟು: ಜೊತೆಯವರೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಾದರೆ ಶ್ರಮ ಮಧ್ಯಮ, ಎರಡು ಮೂರು ಪದಗಳಿಗೆ ಉಸಿರು ಕಡಿಯುತ್ತಿದ್ದರೆ ತೀವ್ರ. ಈ ಪರೀಕ್ಷೆ ಓಟಕ್ಕೂ ಸೈಕಲ್ಲಿಗೂ ಸಮಾನವಾಗಿ ಸಲ್ಲುತ್ತದೆ. ಶಾಲೆಗಳ ದೈಹಿಕ ಶಿಕ್ಷಕರು ಮಕ್ಕಳಿಗೆ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನಲ್ಲಿ, ಎರಡು ಬೆರಳಿಟ್ಟು 15 ಸೆಕೆಂಡು ನಾಡಿಯನ್ನೆಣಿಸಿ ನಾಲ್ಕರಿಂದ ಗುಣಿಸುವುದನ್ನು ಕಲಿಸಲಿ; ಮೈದಾನವನ್ನೊಮ್ಮೆ ಓಡಿ ಬಂದು, ಬೇರೊಂದು ದಿನ ಸೈಕಲ್ ತುಳಿದು ಬಂದು ಎಣಿಸಿದ ಮಗುವಿಗೆ ಈ ಲೇಖನದ ಸಾರವೆಲ್ಲ ಬೆರಳ ತುದಿಯಲ್ಲಿಯೇ ತಿಳಿದೀತು.

ವಯಸ್ಸು ನಲವತ್ತನ್ನು ದಾಟಿ ಹೊಸದಾಗಿ ಈ ಅಭ್ಯಾಸಗಳಿಗೆ ತೊಡಗುವವರು, ಸಕ್ಕರೆ ಕಾಯಿಲೆ ರಕ್ತದೊತ್ತಡಗಳಿರುವವರು ಮೊದಲೊಮ್ಮೆ ವೈದ್ಯರ ಸಲಹೆಯನ್ನು ಪಡೆಯಬೇಕು. ಓಡುವಾಗಲಾಗಲಿ ತುಳಿಯುವಾಗಲಾಗಲಿ ಎದೆಯಲ್ಲಿ ಬಿಗಿತವೋ ನೋವೋ ಕಂಡರೆ, ದವಡೆಗೋ ಎಡತೋಳಿಗೋ ನೋವು ಹಬ್ಬಿದರೆ, ತಲೆ ತಿರುಗಿ ಕಣ್ಣು ಮಂಜಾದರೆ, ಗಡಿಯಾರದ ಅಂಕಿ ಎಷ್ಟೇ ಕಡಮೆಯಿದ್ದರೂ ಅಲ್ಲಿಯೇ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿರಿ.